ಅವ್ವನ ಹೊಟ್ಟೆ ಮೇಲಿನ ನೀಲಿ ನರ

"ವೈರ್ ಮೇಲಕ್ಕೆ ಹೋಗ್ತಾ ಇಲ್ಲ. ನಿಮ್ಮ ತಾಯಿಯವರಿಗೆ ಹಿಂದೆ ಯಾವಾಗಲಾದ್ರೂ ಕಾಲು ಬಾತಿತ್ತಾ?"

ರಕ್ತನಾಳದೊಳಗಿಂದ ಹೃದಯಕ್ಕೆ ಚಿಕಿತ್ಸೆ ಮಾಡುವ ಕೋಣೆ, ಕ್ಯಾಥ್ ಲ್ಯಾಬ್, ಅದರ ಬಾಗಿಲಲ್ಲೇ ನಿಂತು ಡಾಕ್ಟರ್ ಕೇಳಿದರು. ನಾನು ಇಲ್ಲ ಅಂದೆ. ಪಕ್ಕದಲ್ಲಿದ್ದ ದೊಡ್ಡವ್ವ ನನ್ನ ಕೈ ಹಿಡಿದು ತಡೆದಳು. "ಬಾತಿತ್ರೀ ಸಾಹೇಬ್ರ. ಇವನ ತಮ್ಮ ಹುಟ್ಟಿದಾಗ. ಮೊದಲು ಎಡಗಾಲು, ಆಮ್ಯಾಗ ಎರಡೂ. ಬಾಣಂತಿಗೆ ಥಂಡಿ ಹತ್ಯಾದ ಅಂತ ಔಡಲ ಎಲಿ ಕಾಸಿ ಕಟ್ಟಿದ್ವಿ."

ಅಡ್ಮಿಷನ್ ಫಾರಂ ತುಂಬಿದ್ದು ನಾನೇ. ಹಿಂದಿನ ಕಾಯಿಲೆ ಅನ್ನೋ ಜಾಗದಲ್ಲಿ 'ಏನೂ ಇಲ್ಲ' ಅಂತ ಬರೆದಿದ್ದೆ. ಮೂವತ್ತು ವರ್ಷದ ಹಿಂದಿನ ಬಾಣಂತನಕ್ಕೂ ಎದೆಬಡಿತಕ್ಕೂ ಏನು ಸಂಬಂಧ ಅಂತ ಯಾರು ಯೋಚಿಸುತ್ತಾರೆ?

ಅವ್ವನಿಗೆ ನಾಲ್ಕು ವರ್ಷದಿಂದ ಈ ತ್ರಾಸು. ರೊಟ್ಟಿ ಬಡಿಯುತ್ತಾ ಕೂತವಳು ಒಮ್ಮೆಲೇ ಎದೆ ಹಿಡಿದುಕೊಳ್ಳುತ್ತಿದ್ದಳು. "ಎದ್ಯಾಗ ಗಿರಣಿ ಚಾಲೂ ಆದಂಗ ಆಗ್ಲಿಕತ್ತಾದ" ಅನ್ನುತ್ತಿದ್ದಳು. ಆಳಂದ ಕಡೆಯ ನಮ್ಮ ಹಳ್ಳಿಯಿಂದ ಕಲಬುರಗಿಗೆ ಕರೆತರುವಷ್ಟರಲ್ಲಿ ಎಷ್ಟೋ ಸಲ ತಾನೇ ನಿಂತುಬಿಡುತ್ತಿತ್ತು. ಇಸಿಜಿಯಲ್ಲಿ ಏನೂ ಸಿಗುತ್ತಿರಲಿಲ್ಲ. ಮನಸ್ಸಿಗೆ ಹಚ್ಕೊಂಡಾಳ ಅಂದವರೇ ಜಾಸ್ತಿ. ಕೊನೆಗೊಂದು ದಿನ ಸಿಕ್ಕಿತು, ನಿಮಿಷಕ್ಕೆ 190. ಅಡೆನೊಸಿನ್ ಇಂಜೆಕ್ಷನ್ ಕೊಟ್ಟರು. ಅದು ಕೆಲವು ಕ್ಷಣ ಬಡಿತವನ್ನೇ ತಡೆದು ಮತ್ತೆ ಸರಿದಾರಿಗೆ ತರುವ ಔಷಧಿ. "ಸತ್ತು ಬಂದೆ ತಮ್ಮಾ" ಅಂದಳು ಅವ್ವ.

ಹೃದಯದಲ್ಲಿ ಕರೆಂಟ್ ಹೋಗಲು ಒಂದು ಹೆಚ್ಚಿನ ದಾರಿ ಇದೆ, ಕರೆಂಟ್ ಅಲ್ಲೇ ಸುತ್ತು ಹೊಡೆಯುತ್ತಿದೆ, ಆ ದಾರಿಯನ್ನು ಸುಟ್ಟರೆ ಮುಗಿಯಿತು ಅಂದಿದ್ದರು ಡಾಕ್ಟರ್. ಎದೆ ಕೊಯ್ಯುವುದಿಲ್ಲ. ತೊಡೆ ಸಂದಿಯ ರಕ್ತನಾಳದಿಂದ ಸಣ್ಣ ವೈರ್‌ಗಳನ್ನು ಹೃದಯದವರೆಗೆ ಕಳಿಸಿ, ತುದಿಗೆ ಶಾಖ ಕೊಡುತ್ತಾರೆ, ಅಷ್ಟೇ.

ಆ ರಕ್ತನಾಳವೇ ಮುಚ್ಚಿತ್ತು. ಬಾಣಂತನದಲ್ಲಿ ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಹೊಟ್ಟೆಯ ದೊಡ್ಡ ನಾಳದವರೆಗೂ ಹತ್ತಿತ್ತು. ಡಾಕ್ಟರ್ ನನ್ನನ್ನು ಕರೆದು ಪರದೆಯಲ್ಲಿ ತೋರಿಸಿದರು. ಬಣ್ಣದ ಔಷಧಿ ಬಿಟ್ಟಾಗ ನೇರವಾಗಿ ಮೇಲೇರುವ ಒಂದು ದಪ್ಪ ಗೆರೆ ಕಾಣಬೇಕಿತ್ತು. ಕಂಡಿದ್ದು ಜಾಲಿ ಬೇರಿನ ಹಾಗೆ ಸೊಟ್ಟ ಸೊಟ್ಟ ಎಳೆಗಳು. ರಕ್ತ ತನ್ನ ದಾರಿ ತಾನೇ ಮಾಡಿಕೊಂಡಿತ್ತು. ಅವ್ವನ ಕಿಬ್ಬೊಟ್ಟೆ ಮೇಲೆ ಹಗ್ಗದಂತೆ ಎದ್ದಿದ್ದ ನೀಲಿ ನರಗಳೂ ಅವೇ. ಮನೆಯ ಹೆಂಗಸರೆಲ್ಲ ನೋಡಿದ್ದರು. ಯಾರೂ ಯಾವ ಡಾಕ್ಟರಿಗೂ ಹೇಳಿರಲಿಲ್ಲ.

ಆ ದಿನ ಅಲ್ಲಿಗೇ ನಿಲ್ಲಿಸಿದರು. ಎರಡೂ ತೊಡೆ ಸಂದಿಗೆ ಪಟ್ಟಿ ಸುತ್ತಿಕೊಂಡು, ಬಂದ ಕೆಲಸವೇ ಆಗದೆ ಅವ್ವ ಹೊರಬಂದಳು. ನನಗೆ ಅವಳ ಮುಖ ನೋಡಲಾಗಲಿಲ್ಲ. ಒಂದು ಮಾತು ಮೊದಲೇ ಹೇಳಿದ್ದರೆ ಆ ಚುಚ್ಚಾಟ ತಪ್ಪುತ್ತಿತ್ತಲ್ವಾ?

ಸಿಟಿ ಸ್ಕ್ಯಾನ್ ಮಾಡಿಸಿ ಎರಡು ವಾರ ಬಿಟ್ಟು ಮತ್ತೆ ಕರೆದರು. ಈ ಸಲ ಕುತ್ತಿಗೆಯಿಂದ. ಮೇಲಿನ ದೊಡ್ಡ ನಾಳ ಚೆನ್ನಾಗಿತ್ತು. ಆದರೆ ಮೇಲಿಂದ ಇಳಿದರೆ ವೈರಿನ ತುದಿ ಆ ಜಾಗದಲ್ಲಿ ಗಟ್ಟಿಯಾಗಿ ನಿಲ್ಲುವುದು ಕಷ್ಟವಂತೆ. ಸುಡಬೇಕಾದ ಜಾಗದ ಪಕ್ಕದಲ್ಲೇ ಹೃದಯದ ಮುಖ್ಯ ಕರೆಂಟ್ ದಾರಿ. ಅದಕ್ಕೆ ಪೆಟ್ಟಾದರೆ ಬಡಿತ ನಡೆಸಲು ಪೇಸ್‌ಮೇಕರ್ ಯಂತ್ರ ಹಾಕಬೇಕಾಗುತ್ತದೆ. "ಅವಸರ ಮಾಡಲ್ಲ, ಸ್ವಲ್ಪ ಸ್ವಲ್ಪವೇ ಶಾಖ ಕೊಡ್ತೀವಿ" ಅಂದರು. ನಾನು ಸಹಿ ಹಾಕಿದೆ. ಅಪ್ಪ ಶರಣಬಸವೇಶ್ವರರ ಗುಡಿಗೆ ಹೋಗಿ ಕೂತರು.

ಮೂರು ತಾಸು. ಮೇ ತಿಂಗಳ ಕಲಬುರಗಿ ಬಿಸಿಲು, ಕಾರಿಡಾರಿನಲ್ಲಿ ಒಂದೇ ಫ್ಯಾನು. ನರ್ಸ್ ಬಿಚ್ಚಿ ಕೊಟ್ಟಿದ್ದ ಅವ್ವನ ತಾಳಿ ನನ್ನ ಕರ್ಚೀಫಿನಲ್ಲಿತ್ತು. ಬೆವರಿಗೆ ಅರಿಶಿನದ ದಾರ ಒದ್ದೆಯಾಗಿ ಕರ್ಚೀಫಿಗೆಲ್ಲ ಹಳದಿ ಬಣ್ಣ ಹತ್ತಿತ್ತು. ದೊಡ್ಡವ್ವ ಒಂದು ಮಾತೂ ಆಡಲಿಲ್ಲ.

"ಆಯ್ತು. ಎಷ್ಟು ಕೆರಳಿಸಿದ್ರೂ ಆ ಬಡಿತ ಮತ್ತೆ ಬರ್ತಿಲ್ಲ" ಅಂದರು ಡಾಕ್ಟರ್.

ತೊಡೆಯಿಂದ ಮಾಡಿದವರು ಕಾಲು ಮಡಚದೆ ತಾಸುಗಟ್ಟಲೆ ಅಂಗಾತ ಮಲಗಬೇಕು. ಅವ್ವನಿಗೆ ಅದು ಬೇಕಾಗಲಿಲ್ಲ. ಸಂಜೆಗೆ ದಿಂಬಿಗೆ ಒರಗಿ ಕೂತು ಚಹಾ ಕೇಳಿದಳು. ನಾನು ಮಣಿಕಟ್ಟು ಹಿಡಿದು ಎಣಿಸಿದೆ, 76. ಕರ್ಚೀಫ್ ಬಿಚ್ಚಿ ತಾಳಿ ಕೊಟ್ಟೆ. ಕುತ್ತಿಗೆಯ ಪಟ್ಟಿ ತೆಗೆಯುವವರೆಗೆ ಹಾಕಬೇಡಿ ಅಂದಳು ನರ್ಸ್. ಅವ್ವ ದಾರವನ್ನು ಬೆರಳಿಗೆ ಎರಡು ಸುತ್ತು ಸುತ್ತಿ, ಮುಷ್ಟಿ ಬಿಗಿಹಿಡಿದು ನಿದ್ದೆಹೋದಳು.