ತಪಾಸಣೆಯ ದಿನ ಸಿಕ್ಕ ಬಾಟಲಿ

ತಪಾಸಣೆಗೆ ಬರುತ್ತೇವೆ ಅಂತ ಇಲಾಖೆಯಿಂದ ಪತ್ರ ಬಂದದ್ದು ಒಂಬತ್ತು ದಿನ ಮುಂಚೆ. ಅಂದು ಸಂಜೆಯೇ ಪ್ರಾಂಶುಪಾಲರು ಎಲ್ಲ ಶಿಕ್ಷಕರನ್ನೂ ಸ್ಟಾಫ್ ರೂಮಿಗೆ ಕರೆದರು. ಎಲ್ಲರೂ ಅಂದರೆ ಒಂಬತ್ತೇ ಜನ. ನಮ್ಮದು ಸಣ್ಣ ಖಾಸಗಿ ಶಾಲೆ. ಕಾಲೇಜಿಗೆ ಸೇರುವ ಮುಂಚಿನ ಎರಡು ವರ್ಷಗಳ ತರಗತಿಗಳು ಮಾತ್ರ ಇವೆ. 112 ಮಕ್ಕಳು, ಎರಡು ಮಹಡಿ, ಒಂದು ಪ್ರಯೋಗಾಲಯ. ಮಾನ್ಯತೆಯ ನವೀಕರಣ ಆಗದಿದ್ದರೆ ಈ ಮಕ್ಕಳು ಎಲ್ಲಿ ಕೂತು ಪರೀಕ್ಷೆ ಬರೆಯಬೇಕು? ಆ ಪ್ರಶ್ನೆಯನ್ನು ಯಾರೂ ಬಾಯಿ ಬಿಟ್ಟು ಕೇಳಲಿಲ್ಲ. ಆದರೆ ಎಲ್ಲರ ಮುಖದ ಮೇಲೂ ಅದೇ ಇತ್ತು.

ಆ ಒಂಬತ್ತು ದಿನ ಬರೀ ಕಾಗದದ ಕೆಲಸ. ಹಾಜರಿ ಪುಸ್ತಕದಲ್ಲಿ ಬಿಟ್ಟುಹೋದ ಸಹಿಗಳು, ಪಾಠಯೋಜನೆ, ಸಂಬಳದ ಪಟ್ಟಿ, ಪದವಿ ಪತ್ರಗಳ ನಕಲು, ಕಟ್ಟಡದ ಪ್ರಮಾಣಪತ್ರ. ರಾತ್ರಿ ಎಂಟರವರೆಗೂ ಕೂತೆವು. ಇಂಗ್ಲಿಷ್ ಮೇಡಂ ತಮ್ಮ ಮಗುವನ್ನು ಪಕ್ಕದಲ್ಲೇ ಬೆಂಚಿನ ಮೇಲೆ ಮಲಗಿಸಿಕೊಂಡು ಫೈಲ್ ಹೊಲಿದರು.

ನಾನು ಕಲಿಸುವುದು ರಸಾಯನಶಾಸ್ತ್ರ. ಹಾಗಾಗಿ ಪ್ರಯೋಗಾಲಯ ನನ್ನ ಜವಾಬ್ದಾರಿ. ಬ್ಯುರೆಟ್, ಪಿಪೆಟ್ ಎಲ್ಲ ತೊಳೆದು ಸಾಲಾಗಿ ನಿಲ್ಲಿಸಿದೆ. ಸಿಂಕಿನ ಕಲೆ ಉಜ್ಜಿದೆ. ರಾಸಾಯನಿಕಗಳನ್ನು ಇಡುವ ಸ್ಟೋರ್ ರೂಮಿನಲ್ಲಿ ಹಳೆಯ ಲೇಬಲ್ ಕಿತ್ತು ಹೊಸದು ಅಂಟಿಸಿದೆ. ಬಾಟಲಿಗಳನ್ನು ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿ ಜೋಡಿಸಿದೆ. ನೋಡಲು ತುಂಬಾ ಚೆನ್ನಾಗಿ ಕಾಣುತ್ತಿತ್ತು. ಇಷ್ಟೆಲ್ಲ ಮಾಡಿದ್ದು ಮುಂದಿನ ಸಾಲಿಗೆ ಮಾತ್ರ. ಹಿಂದಿನ ಸಾಲು ಕಾಣುವುದಿಲ್ಲ ಅಲ್ವಾ ಅಂದುಕೊಂಡು ಅದಕ್ಕೆ ಕೈ ಹಾಕಲಿಲ್ಲ.

ಬಂದವರು ಇಬ್ಬರು. ಒಬ್ಬರು ನಿವೃತ್ತಿಗೆ ಹತ್ತಿರವಾದ ಮೇಡಂ, ಇನ್ನೊಬ್ಬರು ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಕೈಯಲ್ಲಿ ಅಳತೆ ಟೇಪು. ಮೇಡಂ ಮೊದಲು ಫೈಲ್‌ಗಳ ಕಡೆ ಹೋಗುತ್ತಾರೆ ಅಂತ ನಾವು ಕಾದಿದ್ದೆವು. ಅವರು ಬಾಗಿಲಲ್ಲೇ ನಿಂತು, "ಹಿಂದಿನ ಮೆಟ್ಟಿಲು ಎಲ್ಲಿದೆ?" ಅಂತ ಕೇಳಿದರು.

ಹಿಂದಿನ ಮೆಟ್ಟಿಲು ಇತ್ತು. ಆದರೆ ಅದರ ಕೆಳಗೆ ಮುರಿದ ಡೆಸ್ಕುಗಳನ್ನು ಪೇರಿಸಿದ್ದೆವು. ಮೆಟ್ಟಿಲು ಇಳಿದರೆ ಸಿಗುವ ಬಾಗಿಲಿಗೆ ಬೀಗ. ಬೀಗದ ಕೈ ಎಲ್ಲಿ? ಒಬ್ಬರನ್ನೊಬ್ಬರು ನೋಡಿಕೊಂಡೆವು. ಕಾವಲುಗಾರ ಅಣ್ಣನ ಹತ್ತಿರ ಇರಬಹುದು ಅಂದರು ಪ್ರಾಂಶುಪಾಲರು. ಅಣ್ಣ ಅಂಚೆ ಹಾಕಲು ಹೋಗಿದ್ದ. ಆ ಕಿರಿಯ ಅಧಿಕಾರಿ ಗಡಿಯಾರ ನೋಡುತ್ತಾ ನಿಂತರು. ಅಣ್ಣ ಬಂದು, ಗೊಂಚಲಿನಲ್ಲಿ ಹುಡುಕಿ, ತುಕ್ಕು ಹಿಡಿದ ಬೀಗ ತೆಗೆಯುವಷ್ಟರಲ್ಲಿ 23 ನಿಮಿಷ ಆಗಿತ್ತು.

"ಸರ್, 2004ರಲ್ಲಿ ಕುಂಭಕೋಣಂನಲ್ಲಿ ಶಾಲೆಗೆ ಬೆಂಕಿ ಬಿದ್ದು 94 ಮಕ್ಕಳು ಸತ್ತರು. ಅಲ್ಲಿ ಯಾರಿಗೂ 23 ನಿಮಿಷ ಸಿಗಲಿಲ್ಲ," ಅಂದರು ಆ ಕಿರಿಯ ಅಧಿಕಾರಿ. ದನಿ ಏರಿಸಲಿಲ್ಲ. ಡೆಸ್ಕುಗಳನ್ನು ಈಗಲೇ ತೆಗೆಸಿ, ಬೀಗವನ್ನು ನನ್ನ ಕೈಗೆ ಕೊಡಿ ಅಂದರು. ಹಿರಿಯ ತರಗತಿಯ ಹುಡುಗರು ಬಂದು ಡೆಸ್ಕು ಹೊತ್ತರು. ಬೀಗ ಅವರ ಚೀಲ ಸೇರಿತು. ಅಗ್ನಿಶಾಮಕ ಸಿಲಿಂಡರ್‌ಗಳನ್ನೂ ನೋಡಿದರು. ಪುಡಿ ತುಂಬಿದ ಸಿಲಿಂಡರಿನ ಮುಳ್ಳು ಹಸಿರಿನಲ್ಲೇ ಇತ್ತು. ಪ್ರಯೋಗಾಲಯದ ಹೊರಗಿದ್ದ ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿಗೆ ಮುಳ್ಳೇ ಇರುವುದಿಲ್ಲ, ಅದನ್ನು ತೂಕ ಹಾಕಿಯೇ ತಿಳಿಯಬೇಕು. ಕೊನೆಯ ಸಲ ತೂಕ ಹಾಕಿದ್ದು ಯಾವಾಗ ಅನ್ನುವುದಕ್ಕೆ ನಮ್ಮಲ್ಲಿ ಉತ್ತರ ಇರಲಿಲ್ಲ.

ಆಮೇಲೆ ನನ್ನ ತರಗತಿ. ಪ್ರಯೋಗಾಲಯಕ್ಕೆ ಅಂಟಿಕೊಂಡ ಕೋಣೆ, ಗೋಡೆಯ ಆಚೆಗೇ ಸ್ಟೋರ್ ರೂಮು. ಮೇಡಂ ಕೊನೆಯ ಬೆಂಚಿನಲ್ಲಿ ಇಬ್ಬರು ಹುಡುಗಿಯರ ನಡುವೆ ಕೂತರು.

ಅಂದಿನ ಪಾಠ ಗಂಧಕದ ಸಾವಯವ ಸಂಯುಕ್ತಗಳು. ಪಾಠವನ್ನು ಒಂದು ಘಟನೆಯಿಂದ ಶುರು ಮಾಡಿದೆ. 1937ರ ಮಾರ್ಚ್ 18. ಅಮೆರಿಕದ ಟೆಕ್ಸಸ್‌ನಲ್ಲಿ ನ್ಯೂ ಲಂಡನ್ ಅಂತ ಒಂದು ಊರು. ತೈಲ ಸಿಕ್ಕಿ ಶ್ರೀಮಂತವಾದ ಊರು, ದೊಡ್ಡ ಶಾಲೆ. ಖರ್ಚು ಉಳಿಸಲು ಅಂತ ಆ ಶಾಲೆಯವರು ತೈಲ ಕಂಪನಿಯ ಕೊಳವೆಯಿಂದ ಅನಿಲ ಎಳೆದುಕೊಂಡು ಕೋಣೆಗಳನ್ನು ಬೆಚ್ಚಗಿಡುತ್ತಿದ್ದರು. ನೆಲದ ಕೆಳಗೆ ಅನಿಲ ಸೋರಿ ತುಂಬಿಕೊಂಡಿತು. ಬಣ್ಣ ಇಲ್ಲ, ವಾಸನೆ ಇಲ್ಲ. ಯಾರಿಗೂ ಗೊತ್ತಾಗಲಿಲ್ಲ. ಮಧ್ಯಾಹ್ನ ಮರ ಉಜ್ಜುವ ಯಂತ್ರ ಹಾಕಿದಾಗ ಕಿಡಿ ಹಾರಿತು. ಸುಮಾರು 300 ಜನ ಸತ್ತರು, ಹೆಚ್ಚಿನವರು ಮಕ್ಕಳು. ಅದಾದ ಮೇಲೆ ಅನಿಲಕ್ಕೆ ಕೆಟ್ಟ ವಾಸನೆ ಬೆರೆಸಬೇಕು ಅನ್ನುವ ಕಾನೂನು ಬಂತು.

"ಅಡುಗೆ ಅನಿಲ ಸೋರಿದರೆ ಮೂಗಿಗೆ ಬಡಿಯುವ ವಾಸನೆ ಅನಿಲದ್ದಲ್ಲ, ಅದಕ್ಕೆ ಬೆರೆಸಿದ ಈಥೈಲ್ ಮರ್ಕ್ಯಾಪ್ಟನ್ ಅನ್ನುವ ಗಂಧಕದ ಸಂಯುಕ್ತದ್ದು," ಅಂತ ಹೇಳಿ ಬೋರ್ಡಿನ ಮೇಲೆ ಸೂತ್ರ ಬರೆದೆ. ಕೋಟಿಗಟ್ಟಲೆ ಗಾಳಿಯ ಕಣಗಳ ನಡುವೆ ಅದರ ಕೆಲವೇ ಕಣಗಳಿದ್ದರೂ ನಮ್ಮ ಮೂಗು ಹಿಡಿಯುತ್ತದೆ. ಮಕ್ಕಳು ಕಣ್ಣು ಮಿಟುಕಿಸದೆ ಕೇಳಿದರು. ಮೂರನೇ ಬೆಂಚಿನ ಹುಡುಗ ಎದ್ದು ನಿಂತ. "ಸರ್, ಯಾರಿಗೂ ತಲೆನೋವು ಬಂದಿರಲಿಲ್ವಾ? ಯಾರೂ ಹೇಳಿರಲಿಲ್ವಾ?" ಬಂದಿತ್ತು, ಮಕ್ಕಳು ತಲೆನೋವು ಅಂತ ಹೇಳಿದ್ದರು, ಯಾರೂ ಗಮನ ಕೊಡಲಿಲ್ಲ ಅಂದೆ. ಪಾಠ ಚೆನ್ನಾಗಿ ಬಂತು ಅನ್ನಿಸಿ ಮನಸ್ಸು ಹಗುರವಾಯಿತು.

ಗಂಟೆ ಹೊಡೆದ ಮೇಲೆ ಮೇಡಂ ಎದ್ದು ಬಂದರು. "ಪಾಠ ಚೆನ್ನಾಗಿತ್ತು. ಈಗ ಸ್ಟೋರ್ ನೋಡೋಣ."

ಒಳಗೆ ಹೋದವರು ಹೊಸ ಲೇಬಲ್‌ಗಳನ್ನು ನೋಡಿ ಏನೂ ಹೇಳಲಿಲ್ಲ. ಎರಡು ಬಾಟಲಿಗಳ ಮೇಲೆ ಬೆರಳಿಟ್ಟರು. ಹೆಕ್ಸೇನ್, ಅದರ ಪಕ್ಕದಲ್ಲೇ ಹೈಡ್ರೊಜನ್ ಪೆರಾಕ್ಸೈಡ್. ಒಂದು ಉರಿಯುವುದು, ಇನ್ನೊಂದು ಉರಿಸುವುದು. ಅಕ್ಷರ ಕ್ರಮದಲ್ಲಿ ಜೋಡಿಸಿದರೆ ಹೀಗೇ ಆಗುತ್ತದೆ. ಗುಣ ನೋಡಿ ಬೇರೆ ಬೇರೆ ಇಡಬೇಕು ಅಂತ ನಾನೇ ಮಕ್ಕಳಿಗೆ ಹೇಳಿಕೊಡುತ್ತೇನೆ. ಆಮೇಲೆ ಕೆಲವು ಬಾಟಲಿಗಳ ಹೆಗಲ ಮೇಲೆ ಕೂತಿದ್ದ ಬಿಳಿ ಪುಡಿಯನ್ನು ತೋರಿಸಿದರು. ಅಮೋನಿಯಾ ಮತ್ತು ಹೈಡ್ರೊಕ್ಲೋರಿಕ್ ಆಮ್ಲ ಒಂದೇ ಕೋಣೆಯಲ್ಲಿ ಸ್ವಲ್ಪ ಸ್ವಲ್ಪವೇ ಆವಿಯಾಗಿ, ಗಾಳಿಯಲ್ಲಿ ಸೇರಿ, ಅಮೋನಿಯಂ ಕ್ಲೋರೈಡ್ ಆಗಿ ಕೂರುತ್ತದೆ. ಅದನ್ನು ನಾನು ಧೂಳು ಅಂತ ಒರೆಸುತ್ತಿದ್ದೆ.

ಆಮೇಲೆ ಅವರು ಬಗ್ಗಿ ಟಾರ್ಚ್ ಹಾಕಿದರು. ಕೆಳಗಿನ ಹಲಗೆ, ಹಿಂದಿನ ಸಾಲು. ಹಾಗೇ ಸ್ವಲ್ಪ ಹೊತ್ತು ಬಗ್ಗಿಯೇ ಇದ್ದರು.

"ಅದೇನು, ಹಳದಿ ಬಾಟಲಿ?"

ನಾನು ಮುಂದಿನ ಬಾಟಲಿ ಸರಿಸಲು ಕೈ ಚಾಚಿದೆ.

"ಮುಟ್ಟಬೇಡಿ."

ಕೈ ಅಲ್ಲೇ ನಿಂತಿತು. ಟಾರ್ಚಿನ ಬೆಳಕಿನಲ್ಲಿ ನೋಡಿದೆ. ಅಂಗೈಯಷ್ಟು ಎತ್ತರದ ಗಾಜಿನ ಬಾಟಲಿ. ಲೇಬಲ್ ಅರ್ಧ ಹರಿದಿತ್ತು, ಉಳಿದ ಅರ್ಧದಲ್ಲಿ ಪಿಕ್ರಿಕ್ ಅನ್ನುವಷ್ಟು ಓದಬಹುದಿತ್ತು. ಒಳಗೆ ನಿಂಬೆ ಹಳದಿ ಬಣ್ಣದ ಪುಡಿ, ಗಾಜಿನಿಂದ ಬಿಟ್ಟುಕೊಂಡು ಬಿರುಕು ಬಿಟ್ಟಿತ್ತು. ನೀರಿನ ಸುಳಿವೇ ಇರಲಿಲ್ಲ. ಮುಚ್ಚಳದ ಸುತ್ತ, ತಿರುಪಿನ ಗೆರೆಗಳಲ್ಲಿ, ಸಕ್ಕರೆ ಹರಳಿನಂಥ ಸಣ್ಣ ಸಣ್ಣ ಹಳದಿ ಹರಳುಗಳು.

ಪಿಕ್ರಿಕ್ ಆಮ್ಲವನ್ನು ನೀರಿನಲ್ಲಿ ನೆನೆಸಿಯೇ ಮಾರುತ್ತಾರೆ, ನೀರು ಕಡಿಮೆ ಆಗದಂತೆ ನೋಡಿಕೊಂಡೇ ಇಡಬೇಕು. ಒಣಗಿದರೆ ಅದು ಸಿಡಿಮದ್ದು. ಅದರ ಇನ್ನೊಂದು ಹೆಸರೇ ಟ್ರೈನೈಟ್ರೊಫಿನಾಲ್. ಟಿಎನ್‌ಟಿ ಅನ್ನುವ ಸಿಡಿಮದ್ದಿಗೆ ಹತ್ತಿರದ ನೆಂಟ. ಒಂದು ಕಾಲದಲ್ಲಿ ರೇಷ್ಮೆಗೆ ಹಳದಿ ಬಣ್ಣ ಕಟ್ಟಲು ಬಳಸುತ್ತಿದ್ದರು, ಆಮೇಲೆ ಫಿರಂಗಿ ಗುಂಡುಗಳಿಗೆ ತುಂಬಿದರು. 1917ರಲ್ಲಿ ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರನ್ನು ನೆಲಸಮ ಮಾಡಿದ ಹಡಗಿನಲ್ಲಿ ಇದೇ ಎರಡು ಸಾವಿರ ಟನ್ನಿಗೂ ಜಾಸ್ತಿ ಇತ್ತು. ಲೋಹಕ್ಕೆ ತಾಗಿದರೆ ಆಗುವ ಪಿಕ್ರೇಟ್ ಲವಣಗಳು ಇನ್ನೂ ಸೂಕ್ಷ್ಮ. ಮುಚ್ಚಳ ತಿರುಗಿಸುವ ಉಜ್ಜಾಟವೇ ಸಾಕು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಆರು ವರ್ಷ ಅದರ ಮುಂದೆ ಓಡಾಡಿದ್ದೆ.

ಮೇಡಂ ನನ್ನ ತೋಳು ಹಿಡಿದು ನಿಧಾನವಾಗಿ ಹೊರಗೆ ಕರೆದುಕೊಂಡು ಬಂದರು. ಬಾಗಿಲನ್ನು ಎಳೆಯಲಿಲ್ಲ, ಹಾಗೇ ಬಿಟ್ಟರು. "ಮಕ್ಕಳನ್ನು ಹೊರಗೆ ಕಳಿಸಿ. ಗಂಟೆ ಹೊಡೆಯಬೇಡಿ, ಓಡಿಸಬೇಡಿ. ಈ ಕಡೆ ಮೆಟ್ಟಿಲು ಬೇಡ."

ಈ ಕಡೆ ಮೆಟ್ಟಿಲು ಅಂದರೆ ಮುಂದಿನ ಮೆಟ್ಟಿಲು. ಅದು ಇಳಿಯುವುದು ಸರಿಯಾಗಿ ಸ್ಟೋರ್ ರೂಮಿನ ಬಾಗಿಲ ಪಕ್ಕ. ಇನ್ನೊಂದೇ ದಾರಿ, ಹಿಂದಿನದು.

ನಾನು ಮೇಲಿನ ಮಹಡಿಗೆ ಹೋಗಿ ಒಂದೊಂದೇ ಕೋಣೆ ಖಾಲಿ ಮಾಡಿಸಿದೆ. ಮಕ್ಕಳು ಪುಸ್ತಕ ಬಿಟ್ಟು ಎರಡು ಸಾಲಿನಲ್ಲಿ ಇಳಿದರು. ಎರಡು ಗಂಟೆ ಮುಂಚೆ ಡೆಸ್ಕು ಪೇರಿಸಿದ್ದ ಜಾಗದಲ್ಲಿ ಕಿರಿಯ ಅಧಿಕಾರಿ ನಿಂತು ತಲೆ ಎಣಿಸುತ್ತಿದ್ದರು. ಡೆಸ್ಕಿನ ಕಾಲು ಊರಿದ್ದ ಕಡೆ ನೆಲದ ಮೇಲೆ ಇನ್ನೂ ಗುರುತಿತ್ತು. ನಾನು ಆ ಗುರುತನ್ನೇ ನೋಡುತ್ತಾ ಇಳಿದೆ. ಕಾಲು ನಡುಗುತ್ತಿತ್ತು. ಬಾಗಿಲು ಹೊರಗೆ ತೆರೆದಿತ್ತು, ಅದಕ್ಕೆ ಕಲ್ಲು ಒತ್ತಿಟ್ಟಿದ್ದರು. ಅಂದು ಹಾಜರಿದ್ದ 104 ಮಕ್ಕಳೂ ಮೈದಾನದ ಆ ತುದಿ ಸೇರಲು ನಾಲ್ಕು ನಿಮಿಷವೂ ಹಿಡಿಯಲಿಲ್ಲ.

ಬಾಂಬ್ ನಿಷ್ಕ್ರಿಯ ದಳ ಬಂದದ್ದು ಒಂದೂವರೆ ಗಂಟೆಯ ಮೇಲೆ. ಮೊದಲು ಫೋಟೋ ತೆಗೆದರು. ಆಮೇಲೆ ಒಬ್ಬರು ದಪ್ಪ ಉಡುಪು ಹಾಕಿಕೊಂಡು ಒಬ್ಬರೇ ಒಳಗೆ ಹೋದರು. ಅವರು ಹೊರಗೆ ಬರುವವರೆಗಿನ ಆ ಹೊತ್ತನ್ನು ಬರೆಯಲು ನನಗೆ ಆಗುತ್ತಿಲ್ಲ. ಆ ಮನುಷ್ಯನಿಗೂ ಮನೆ ಇರುತ್ತದೆ, ಮಕ್ಕಳಿರುತ್ತಾರೆ. ನಾನು ಒರೆಸದೆ ಬಿಟ್ಟ ಹಿಂದಿನ ಸಾಲಿಗೆ ಕೈ ಹಾಕಲು ಅವರು ಹೋಗಿದ್ದರು. ಬಾಟಲಿಯನ್ನು ಮೆತ್ತನೆಯ ಪೆಟ್ಟಿಗೆಯಲ್ಲಿಟ್ಟು, ಶಾಲೆಯ ಹಿಂದಿನ ಬಯಲಿಗೆ ಒಯ್ದು, ಗುಂಡಿ ತೋಡಿ ಸಿಡಿಸಿದರು. ಸದ್ದು ಎದೆಗೆ ಬಡಿಯಿತು. ಹುಡುಗಿಯರು ಕೆಲವರು ಅತ್ತರು. ಇದರಲ್ಲಿ ಬಾಟಲಿಯ ಸದ್ದೆಷ್ಟು ಅಂತ ದಳದವರನ್ನು ಕೇಳಿದೆ. ನಾವು ಇಟ್ಟ ಮದ್ದು ಎಷ್ಟು, ಬಾಟಲಿಯದ್ದು ಎಷ್ಟು ಅಂತ ಬೇರೆ ಮಾಡಿ ಹೇಳಲಾಗುವುದಿಲ್ಲ ಅಂದರು.

ಸಂಜೆ ಮೇಡಂ ದಾಸ್ತಾನು ಪುಸ್ತಕ ತರಿಸಿದರು. ಹದಿನೇಳು ವರ್ಷದ ಹಿಂದಿನ ಪುಟದಲ್ಲಿ ನೀಲಿ ಶಾಯಿಯಲ್ಲಿ ದಾಖಲಾಗಿತ್ತು: ಪಿಕ್ರಿಕ್ ಆಮ್ಲ, 100 ಗ್ರಾಂ, ಜೀವಶಾಸ್ತ್ರಕ್ಕೆ. ಅಂಗಾಂಶಗಳನ್ನು ಕೆಡದಂತೆ ಇಡುವ ಬುಯನ್ ದ್ರಾವಣ ಮಾಡಲು ತಂದಿರಬೇಕು. ತಂದವರು ನಾನು ಸೇರುವ ಮುಂಚೆಯೇ ಬಿಟ್ಟು ಹೋಗಿದ್ದರು. ಅದರ ಮುಂದೆ ಪ್ರತಿ ವರ್ಷದ ಪರಿಶೀಲನೆಯ ಕಾಲಂ. ಕೊನೆಯ ಆರು ವರ್ಷ "ಸರಿ ಇದೆ", ಕೆಳಗೆ ಸಹಿ.

"ಈ ಸಹಿ ನಿಮ್ಮದಾ?"

"ಹೌದು ಮೇಡಂ."

"ಆರು ಸಲವೂ ಬಾಟಲಿ ನೋಡಿದ್ರಾ?"

"ಇಲ್ಲ ಮೇಡಂ. ಪುಸ್ತಕ ನೋಡಿದ್ದೆ."

ಅವರು ತಲೆ ಎತ್ತಲಿಲ್ಲ, ಅದನ್ನು ಹಾಗೇ ಬರೆದುಕೊಂಡರು. ಬೈದಿದ್ದರೆ ಒಳ್ಳೆಯದಿತ್ತು ಅನ್ನಿಸಿತು.

ವರದಿ ಬಂತು. ಮಾನ್ಯತೆಗೆ ಮೂರು ತಿಂಗಳ ಷರತ್ತು. ಬಾಗಿಲು, ಸಿಲಿಂಡರ್, ಸ್ಟೋರ್‌ಗೆ ಗಾಳಿ ಎಳೆಯುವ ಫ್ಯಾನು, ರಾಸಾಯನಿಕಗಳ ಹೊಸ ಜೋಡಣೆ. ಎಲ್ಲ ಮಾಡಿದೆವು, ಮಾನ್ಯತೆ ಸಿಕ್ಕಿತು. ತಪಾಸಣೆ ಅಂದರೆ ಸುಮ್ನೆ ಕಾಗದದ ಆಟ ಅಂತ ಸ್ಟಾಫ್ ರೂಮಿನಲ್ಲಿ ಎಲ್ಲರಿಗಿಂತ ಜಾಸ್ತಿ ಹೇಳುತ್ತಿದ್ದವನು ನಾನು. ಒಂಬತ್ತು ದಿನ ಅದನ್ನು ಕಾಗದದ ಆಟ ಮಾಡಿದ್ದು ನಾವು. ಅವರು ಬಂದದ್ದು ಬಾಗಿಲು ನೋಡಲು, ಹಿಂದಿನ ಸಾಲು ನೋಡಲು.

ವರ್ಷದ ಕೊನೆಗೆ ಮತ್ತೆ ದಾಸ್ತಾನು ಪರಿಶೀಲನೆ ಬಂತು. ಮುಂಚೆ ಅರ್ಧ ಗಂಟೆಯಲ್ಲಿ ಮುಗಿಸುತ್ತಿದ್ದೆ. ಈ ಸಲ ನಾಲ್ಕು ದಿನ ಹಿಡಿಯಿತು. ಪ್ರತಿ ಬಾಟಲಿಯ ಮುಚ್ಚಳ, ಲೇಬಲ್, ತಂದ ವರ್ಷ, ಒಳಗಿರುವುದರ ಬಣ್ಣ. ಮೊದಲು ಟಾರ್ಚ್ ಹಾಕಿ ನೋಡುತ್ತೇನೆ, ಆಮೇಲೆ ಕೈ ಹಾಕುತ್ತೇನೆ. ಪಿಕ್ರಿಕ್ ಆಮ್ಲದ ಮುಂದೆ ಷರಾ ಕಾಲಂನಲ್ಲಿ ಆ ದಿನದ ತಾರೀಕು, ನಾಶಪಡಿಸಲಾಗಿದೆ ಅಂತ ಬರೆದೆ. ಹೆಸರೇ ಇಲ್ಲದ ಇನ್ನೆರಡು ಬಾಟಲಿಗಳು ಸಿಕ್ಕಿವೆ, ಒಂದರಲ್ಲಿ ಕಂದು ದ್ರವ, ಇನ್ನೊಂದರಲ್ಲಿ ಬಿಳಿ ಪುಡಿ. ಅವುಗಳ ಮುಂದೆ "ಸರಿ ಇದೆ" ಅಂತ ಬರೆದಿಲ್ಲ. ಇದ್ದ ಜಾಗದಲ್ಲೇ ಬಿಟ್ಟು, ಸುತ್ತ ಕೆಂಪು ಟೇಪು ಹಾಕಿ, ಮೇಡಂಗೆ ಪತ್ರ ಬರೆದಿದ್ದೇನೆ. ಸೋಮವಾರ ಬರುತ್ತೇನೆ ಅಂದಿದ್ದಾರೆ.