ಶುಕ್ರವಾರದ ಪಟ್ಟಿಯಲ್ಲಿ ಕೋರಾ ಕಂಡರೆ

2015ರ ಜುಲೈನಿಂದ ಹೆಚ್ಚಿನ ದೇಶಗಳಲ್ಲಿ ಹೊಸ ಆಲ್ಬಮ್‌ಗಳು ಬರೋದು ಶುಕ್ರವಾರವೇ. ಆ ಪಟ್ಟಿಯಲ್ಲಿ ಪಶ್ಚಿಮ ಆಫ್ರಿಕಾದ ತಂತಿವಾದ್ಯ ಕೋರಾ ಕಂಡರೆ ದಯವಿಟ್ಟು ದಾಟಿ ಹೋಗಬೇಡಿ.

ನಮ್ಮ ತಂಬೂರಿಯದರಂಥ ಬುರುಡೆ, ಆದರೆ ಅರ್ಧಕ್ಕೆ ಸೀಳಿ ಹಸುವಿನ ಚರ್ಮ ಬಿಗಿದದ್ದು. ಉದ್ದನೆಯ ದಂಡಿ, 21 ತಂತಿ: ಎಡಕ್ಕೆ 11, ಬಲಕ್ಕೆ 10. ನುಡಿಸೋದು ಎರಡು ಹೆಬ್ಬೆರಳು, ಎರಡು ತೋರುಬೆರಳು, ಅಷ್ಟೇ! ಹೆಬ್ಬೆರಳುಗಳು ಮಂದ್ರದ ಸುತ್ತನ್ನು ಬಿಡದೆ ಹಿಡಿದಿರುತ್ತವೆ, ತೋರುಬೆರಳುಗಳು ಅದರ ಮೇಲೆ ಓಡಾಡುತ್ತವೆ. ಫೋನ್ ಸ್ಪೀಕರ್‌ನಲ್ಲಿ ಕೇಳಿದರೆ ಆ ಮಂದ್ರವೇ ಮಾಯ, ಬರೀ ಕಿಣಿಕಿಣಿ ಉಳಿಯುತ್ತೆ. ಇಯರ್‌ಫೋನ್ ಹಾಕ್ಕೊಳ್ಳಿ. ಆ್ಯಪ್‌ನಲ್ಲಿ ಕ್ರಾಸ್‌ಫೇಡ್ ಸೊನ್ನೆಗೆ ಇಳಿಸಿ, ಇಲ್ಲಾಂದ್ರೆ ಕೊನೆಯ ತಂತಿಯ ನಾದ ಆರುವ ಮೊದಲೇ ಮುಂದಿನ ಹಾಡು ಮೇಲೆ ಬಂದು ಕೂರುತ್ತೆ.

ಹಳೆಯ ಕೋರಾಗಳಲ್ಲಿ ಶ್ರುತಿ ಮಾಡೋದು ದಂಡಿಗೆ ಸುತ್ತಿದ ಚರ್ಮದ ಬಳೆಗಳನ್ನು ಸರಿಸಿ. ಹವೆ ಬದಲಾದರೆ ಬಳೆ ಜಾರುತ್ತೆ, ಶ್ರುತಿ ಇಳಿಯುತ್ತೆ. ಅದಕ್ಕೇ ಈಗ ಅನೇಕರು ಗಿಟಾರಿನ ಬಿರಡೆ ಹಾಕಿಸ್ತಾರೆ. ತಂತಿಯೂ ಈಗ ನೈಲಾನ್, ಮೀನು ಹಿಡಿಯೋ ಗಾಳದ ದಾರ.

ಹೊಸಬರು ಮಾಲಿ ದೇಶದ ತೂಮಾನಿ ಜಬಾತೆಯವರ 1988ರ ಆಲ್ಬಮ್ ‘ಕೈರಾ’ದಿಂದ ಶುರು ಮಾಡಿ. ಒಂದೇ ಕೋರಾ, ಮೇಲೆ ಇನ್ನೊಂದು ಪದರ ಸೇರಿಸಿಲ್ಲ. ಆದರೂ ಮೂವರು ಕೂತು ನುಡಿಸಿದ ಹಾಗಿದೆ. 2024ರ ಜುಲೈನಲ್ಲಿ ಅವರು ತೀರಿಕೊಂಡರು. ತಲೆಮಾರುಗಳಿಂದ ಮನೆಯೊಳಗೇ ಹರಿದು ಬಂದ ಇಂಥ ವಿದ್ಯೆಗೆ ‘ಹೊಸ ಬಿಡುಗಡೆ’ ಅನ್ನೋ ಚೀಟಿ ತೀರಾ ಚಿಕ್ಕದು ಅನ್ನಿಸುತ್ತೆ. ಮಗ ಸಿದಿಕಿ ಜೊತೆ ಅವರು ನುಡಿಸಿದ 2014ರ ಆಲ್ಬಮ್ ಕೂಡ ಇದೆ, ‘ಕೈರಾ’ ಆದಮೇಲೆ ಅದನ್ನೇ ಹಾಕಿ.