ಬೇಲ್ ಷರತ್ತು ಗೊತ್ತಿಲ್ಲದೆ ತಪ್ಪುವುದು ಎಲ್ಲೆಲ್ಲಿ

ಪರಪ್ಪನ ಅಗ್ರಹಾರದಿಂದ ಹೊರಗೆ ಬಂದವರಲ್ಲಿ ಬೇಲ್ ಆದೇಶವನ್ನು ಕೂತು ಪೂರ್ತಿ ಓದುವವರು ಕಡಿಮೆ. ಆದೇಶ ಇಂಗ್ಲಿಷ್‌ನಲ್ಲಿರುತ್ತದೆ, ವಕೀಲರ ಫೈಲಿನಲ್ಲಿರುತ್ತದೆ. ಮನೆಯವರಿಗೆ ನೆನಪಿರುವುದು ‘ಭಾನುವಾರ ಸ್ಟೇಷನ್ನಿಗೆ ಹೋಗಿ ಸಹಿ ಹಾಕಬೇಕಂತೆ’ ಎಂಬ ಒಂದೇ ಮಾತು. ಆಮೇಲೆ ಒಂದು ದಿನ ವಾರಂಟ್ ಬರುತ್ತದೆ, ಇಲ್ಲವೇ ಬೇಲ್ ರದ್ದು ಮಾಡಿ ಎಂದು ಅರ್ಜಿ ಬೀಳುತ್ತದೆ.

ಓಡಿಹೋದವರ, ಸಾಕ್ಷಿಗಳನ್ನು ಹೆದರಿಸಿದವರ ವಿಷಯ ಇಲ್ಲಿಲ್ಲ. ಷರತ್ತು ಪಾಲಿಸುವ ಮನಸ್ಸಿದ್ದೂ ಕಾಗದ ಸರಿಯಿಲ್ಲದೆ ಸಿಕ್ಕಿಬೀಳುವವರಿಗಾಗಿ ಇದನ್ನು ಬರೆಯುತ್ತಿದ್ದೇವೆ. ಆರೋಪ ಸಾಬೀತಾಗುವ ಮೊದಲೇ, ಮನೆ ಬದಲಿಸಿದ್ದನ್ನು ತಿಳಿಸಲಿಲ್ಲ ಎಂಬ ಕಾರಣಕ್ಕೆ ಒಬ್ಬ ಮನುಷ್ಯ ಮತ್ತೆ ಜೈಲಿಗೆ ಹೋಗುವುದು ದೊಡ್ಡ ಅನ್ಯಾಯ, ಅದೂ ತಪ್ಪಿಸಬಹುದಾದ ಅನ್ಯಾಯ. ನೆನಪಿಡಬೇಕಾದ್ದು ಎರಡು. ನೀವು ಷರತ್ತು ಪಾಲಿಸಿದ್ದೀರಿ ಎಂದು ಕೋರ್ಟಿಗೆ ತಿಳಿಯುವುದು ನಿಮ್ಮ ಕೈಯಲ್ಲಿರುವ ಕಾಗದದಿಂದ. ಮತ್ತು ಷರತ್ತು ಸಡಿಲಿಸುವ ಅಧಿಕಾರ ಇರುವುದು ಕೋರ್ಟಿಗೆ. ಇನ್ಸ್‌ಪೆಕ್ಟರ್ ‘ಪರವಾಗಿಲ್ಲ ಬಿಡಿ’ ಎಂದರೆ ಅದು ಅನುಮತಿಯಲ್ಲ.

ಮೊದಲು ಆದೇಶದ ದೃಢೀಕೃತ ನಕಲು ತೆಗೆಸಿ. ಒಂದನ್ನು ಮನೆಯಲ್ಲಿಡಿ, ಫೋಟೋ ತೆಗೆದು ಮೊಬೈಲಿನಲ್ಲೂ ಇಟ್ಟುಕೊಳ್ಳಿ. ವಕೀಲರ ಜೊತೆ ಕೂತು ಪ್ರತಿ ಷರತ್ತನ್ನೂ ಕನ್ನಡದಲ್ಲಿ ಬರೆದುಕೊಳ್ಳಿ: ಏನು ಮಾಡಬೇಕು, ಯಾರ ಮುಂದೆ, ಎಷ್ಟು ದಿನಕ್ಕೊಮ್ಮೆ, ಎಲ್ಲಿಯವರೆಗೆ. ಹೆಚ್ಚು ಜನ ಎಡವುವುದು ಈ ಕೊನೆಯದರಲ್ಲಿ. ‘ಚಾರ್ಜ್‌ಶೀಟ್ ಹಾಕುವವರೆಗೆ’, ‘ಮುಂದಿನ ಆದೇಶದವರೆಗೆ’, ‘ಮೂರು ತಿಂಗಳು ಅಥವಾ ಚಾರ್ಜ್‌ಶೀಟ್, ಯಾವುದು ಮೊದಲೋ ಅದು’ ಎಂಬ ಮೂರೂ ಬೇರೆ ಬೇರೆ. ಚಾರ್ಜ್‌ಶೀಟ್ ಬಿತ್ತಂತೆ ಎಂದು ಯಾರೋ ಹೇಳಿದ್ದನ್ನು ಕೇಳಿ ಸಹಿ ಹಾಕುವುದನ್ನು ನಿಲ್ಲಿಸಬೇಡಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ನೋಡಿ ಖಚಿತ ಮಾಡಿಕೊಳ್ಳಿ. ಆದೇಶದಲ್ಲಿ ‘ಮುಂದಿನ ಆದೇಶದವರೆಗೆ’ ಎಂದಿದ್ದರೆ ಚಾರ್ಜ್‌ಶೀಟ್ ಬಿದ್ದರೂ ಹಾಜರಿ ಮುಗಿಯುವುದಿಲ್ಲ. ಸಡಿಲಿಸಿ ಎಂದು ಅರ್ಜಿ ಹಾಕಬೇಕು.

ಹಾಜರಿಯ ಲೆಕ್ಕದಲ್ಲೇ ಒಂದು ಹಳ್ಳವಿದೆ. ಆದೇಶ ‘15 ದಿನಕ್ಕೊಮ್ಮೆ’ ಎನ್ನುತ್ತದೆ, ಸ್ಟೇಷನ್ನಿನಲ್ಲಿ ‘ಎರಡನೇ, ನಾಲ್ಕನೇ ಭಾನುವಾರ ಬನ್ನಿ’ ಎನ್ನುತ್ತಾರೆ. ತಿಂಗಳಿಗೆ ನಾಲ್ಕೇ ಭಾನುವಾರ ಇದ್ದಾಗ ತೊಂದರೆಯಿಲ್ಲ. ಐದು ಭಾನುವಾರ ಬಂದ ತಿಂಗಳಲ್ಲಿ ನಾಲ್ಕನೆಯದಕ್ಕೂ ಮುಂದಿನ ತಿಂಗಳ ಎರಡನೆಯದಕ್ಕೂ ನಡುವೆ 21 ದಿನವಾಗುತ್ತದೆ, ಷರತ್ತು ಮುರಿದಂತಾಗುತ್ತದೆ. ಭಾನುವಾರ ಬಿಟ್ಟು ಭಾನುವಾರ ಹೋದರೆ 14 ದಿನ, ಗೊಂದಲವೇ ಇಲ್ಲ. ಆದೇಶದಲ್ಲಿ ಬೆಳಿಗ್ಗೆ 10ರಿಂದ ಸಂಜೆ 5 ಎಂದಿದ್ದರೆ ಆ ಹೊತ್ತಿನೊಳಗೇ ಹೋಗಿ. ಕೆಲಸ ಮುಗಿಸಿಕೊಂಡು ರಾತ್ರಿ ಎಂಟಕ್ಕೆ ಹೋದದ್ದು ಲೆಕ್ಕಕ್ಕೆ ಬರದೆ ಹೋಗಬಹುದು.

ಇನ್ನೊಂದು, ಸಹಿ ಹಾಕುವ ಪುಸ್ತಕ ಇರುವುದು ಸ್ಟೇಷನ್ ರೈಟರ್ ಬಳಿ. ಗಣೇಶನ ಮೆರವಣಿಗೆ, ಚುನಾವಣೆ, ಕ್ರಿಕೆಟ್ ಪಂದ್ಯ ಇದ್ದ ದಿನ ಅವರು ಬಂದೋಬಸ್ತ್‌ಗೆ ಹೋಗಿರುತ್ತಾರೆ. ಠಾಣೆಯಲ್ಲಿ ಉಳಿದವರು ‘ಪುಸ್ತಕ ಒಳಗೆ ಬೀಗ ಹಾಕಿದೆ, ನಾಳೆ ಬಾ’ ಎನ್ನುತ್ತಾರೆ. ನಾಳೆಯ ಸಹಿ ನಾಳೆಯದೇ. ಇವತ್ತು ಬಂದಿದ್ದಿರಿ ಎನ್ನುವುದಕ್ಕೆ ಏನೂ ಉಳಿಯುವುದಿಲ್ಲ. ಆದ್ದರಿಂದ ನಿಮ್ಮದೇ ಒಂದು ನೋಟ್‌ಬುಕ್ ಇಡಿ. ಮೊದಲ ಪುಟದಲ್ಲಿ ಕ್ರೈಂ ನಂಬರ್, ಆದೇಶದ ದಿನಾಂಕ ಬರೆಯಿರಿ. ಪ್ರತಿ ಸಲ ದಿನಾಂಕ, ಗಂಟೆ ಬರೆದು ಅಲ್ಲಿದ್ದವರ ಸಹಿ, ಸಾಧ್ಯವಾದರೆ ಸೀಲು ಹಾಕಿಸಿಕೊಳ್ಳಿ. ಹಾಕಲು ಒಪ್ಪದಿದ್ದರೆ ಜಗಳ ಬೇಡ. ಹೊರಗೆ ಬಂದು ‘ಇಂತಹ ದಿನ ಇಷ್ಟು ಗಂಟೆಗೆ ಹಾಜರಾಗಿದ್ದೆ, ಪುಸ್ತಕ ಸಿಗಲಿಲ್ಲ’ ಎಂದು ನಾಲ್ಕು ಸಾಲು ಬರೆದು ಠಾಣೆಯ ಇಮೇಲ್‌ಗೆ ಕಳಿಸಿ, ಮರುದಿನ ಸ್ಪೀಡ್ ಪೋಸ್ಟ್ ಕೂಡ ಮಾಡಿ. ಈಗ ರಿಜಿಸ್ಟರ್ಡ್ ಪೋಸ್ಟ್ ಪ್ರತ್ಯೇಕವಾಗಿ ಇಲ್ಲ, ಸ್ಪೀಡ್ ಪೋಸ್ಟ್‌ನಲ್ಲಿ ವಿಲೀನವಾಗಿದೆ. ರಸೀದಿಯನ್ನೂ ತಲುಪಿದ ಬಗ್ಗೆ ಟ್ರ್ಯಾಕಿಂಗ್ ಪುಟದ ಪ್ರಿಂಟನ್ನೂ ಅದೇ ನೋಟ್‌ಬುಕ್ಕಿಗೆ ಅಂಟಿಸಿಡಿ. ಠಾಣೆಯ ಬೋರ್ಡಿನ ಮುಂದೆ ತೆಗೆದ ಸೆಲ್ಫಿ ಇದ್ದರೆ ಇರಲಿ, ಆದರೆ ಅದನ್ನೇ ನಂಬಿ ಕೂರಬೇಡಿ. ಗೂಗಲ್ ಮ್ಯಾಪ್‌ನಲ್ಲಿ ಸದಾ ಲೊಕೇಶನ್ ಕಳಿಸುತ್ತಿರಬೇಕು ಎಂಬ ಬೇಲ್ ಷರತ್ತನ್ನು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಫ್ರಾಂಕ್ ವೈಟಸ್ ಪ್ರಕರಣದಲ್ಲಿ ತೆಗೆದುಹಾಕಿತು. ಅಂಥ ಷರತ್ತು ನಿಮ್ಮ ಆದೇಶದಲ್ಲಿದ್ದರೆ ಸುಮ್ಮನೆ ನಿಲ್ಲಿಸಬೇಡಿ, ಮಾರ್ಪಾಡಿಗೆ ಅರ್ಜಿ ಹಾಕಿಸಿ.

ಬೆಂಗಳೂರಿನಲ್ಲಿ ಅತಿ ಹೆಚ್ಚು ತಪ್ಪುವುದು ವಿಳಾಸ. ಹನ್ನೊಂದು ತಿಂಗಳ ಕರಾರು ಮುಗಿಯುತ್ತದೆ, ಬಾಡಿಗೆ ಏರುತ್ತದೆ, ಇಲ್ಲವೇ ಕೇಸಿನ ವಿಷಯ ತಿಳಿದ ಓನರ್ ಮನೆ ಖಾಲಿ ಮಾಡಿ ಎನ್ನುತ್ತಾರೆ. ಸಾಮಾನು ಸಾಗಿಸುವ ಗಡಿಬಿಡಿಯಲ್ಲಿ ಕೋರ್ಟಿಗೆ ತಿಳಿಸುವುದು ಯಾರಿಗೂ ಹೊಳೆಯುವುದಿಲ್ಲ. ಇದರ ಪೆಟ್ಟು ಬೀಳುವುದು ತಡವಾಗಿ. ಚಾರ್ಜ್‌ಶೀಟ್ ಬಿದ್ದ ಮೇಲೆ ಸಮನ್ಸ್ ಹಳೆಯ ಮನೆಗೆ ಹೋಗುತ್ತದೆ. ‘ಸದರಿ ವಿಳಾಸದಲ್ಲಿ ಇಲ್ಲ’ ಎಂದು ಪೊಲೀಸರು ವರದಿ ಕೊಡುತ್ತಾರೆ. ಮುಂದಿನ ತಾರೀಕಿಗೆ ಜಾಮೀನುರಹಿತ ವಾರಂಟ್, ಆಮೇಲೆ ಜಾಮೀನುದಾರರಿಗೆ ನೋಟಿಸ್. ಒಂದೇ ಕೇಸಿನಲ್ಲಿ ಹಲವು ಆರೋಪಿಗಳಿದ್ದರೆ ನಿಮ್ಮ ಮೇಲಿನ ಕೇಸನ್ನು ಬೇರ್ಪಡಿಸಿ ‘ಸ್ಪ್ಲಿಟ್ ಅಪ್’ ಮಾಡುತ್ತಾರೆ. ಕಾಗದದ ಮೇಲೆ ನೀವು ತಲೆಮರೆಸಿಕೊಂಡವರು. ನಿಜದಲ್ಲಿ ಎರಡು ರಸ್ತೆ ಆಚೆ ಅಡುಗೆ ಮಾಡಿಕೊಂಡಿರುತ್ತೀರಿ.

ಮನೆ ಬದಲಿಸುವ ಮೊದಲೇ, ಆಗದಿದ್ದರೆ ಬದಲಿಸಿದ ವಾರದಲ್ಲೇ, ವಕೀಲರ ಮೂಲಕ ಕೋರ್ಟಿಗೆ ವಿಳಾಸ ಬದಲಾವಣೆಯ ಮೆಮೊ ಹಾಕಿಸಿ. ಜೊತೆಗೆ ಹೊಸ ಬಾಡಿಗೆ ಕರಾರಿನ ನಕಲು, ಕರೆಂಟ್ ಬಿಲ್ ಇರಲಿ. ಅದರದೇ ಪ್ರತಿ ತನಿಖಾಧಿಕಾರಿಗೆ ಕೊಟ್ಟು ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿ ಪಡೆಯಿರಿ. ಮೊದಲು ಅನುಮತಿ ಪಡೆಯಬೇಕು ಎಂದು ಆದೇಶದಲ್ಲಿದ್ದರೆ ಮೆಮೊ ಸಾಲದು, ಅರ್ಜಿಯೇ ಬೇಕು. ಆಧಾರ್ ಬದಲಾದರೆ ಕೋರ್ಟಿಗೆ ತಾನೇ ಗೊತ್ತಾಗುತ್ತದೆ ಎಂದುಕೊಳ್ಳಬೇಡಿ, ಎರಡಕ್ಕೂ ಸಂಬಂಧವಿಲ್ಲ. ಹೊಸ ಮನೆ ಬೇರೆ ಠಾಣೆಯ ಸರಹದ್ದಿನಲ್ಲಿದ್ದರೂ, ಹಾಜರಿ ಹಾಕಬೇಕಾದದ್ದು ಆದೇಶದಲ್ಲಿ ಹೆಸರಿಸಿದ ಠಾಣೆಯಲ್ಲೇ.

‘ಕೋರ್ಟಿನ ವ್ಯಾಪ್ತಿ ಬಿಟ್ಟು ಹೋಗಬಾರದು’ ಎಂಬ ಸಾಲೂ ಹಾಗೆಯೇ. ಯಾವ ವ್ಯಾಪ್ತಿ, ನಗರವೋ ಜಿಲ್ಲೆಯೋ ರಾಜ್ಯವೋ, ಕೇಳಿ ತಿಳಿದುಕೊಳ್ಳಿ. ಅತ್ತಿಬೆಲೆ ದಾಟಿದರೆ ತಮಿಳುನಾಡು. ಹೊಸೂರಿನಲ್ಲಿ ಮನೆ ಮಾಡಿ ಎಲೆಕ್ಟ್ರಾನಿಕ್ ಸಿಟಿಗೆ ಬಂದುಹೋಗುವವರು ದಿನಾ ಎರಡು ಸಲ ರಾಜ್ಯ ದಾಟುತ್ತಾರೆ. ಹೊಸಕೋಟೆ, ನೆಲಮಂಗಲ, ದೇವನಹಳ್ಳಿ ಬೆಂಗಳೂರು ನಗರ ಜಿಲ್ಲೆಗೆ ಸೇರಿಲ್ಲ. ನಮ್ಮ ವಿಮಾನ ನಿಲ್ದಾಣ ಇರುವುದೂ ದೇವನಹಳ್ಳಿ ತಾಲ್ಲೂಕಿನಲ್ಲೇ. ಕೆಲಸ ಅಥವಾ ಆಸ್ಪತ್ರೆಗಾಗಿ ಗಡಿ ದಾಟಲೇಬೇಕಾದವರು ಆ ಕಾರಣ, ಆ ದಾರಿ ಬರೆದು ಒಮ್ಮೆಗೇ ಅನುಮತಿ ತೆಗೆದುಕೊಳ್ಳುವುದು ಒಳ್ಳೆಯದು.

ತಾರೀಕು ತಪ್ಪುವುದಕ್ಕೆ ಬಹಳ ಸಲ ಕಾರಣ ಕೇಸಿನ ನಂಬರ್. ಠಾಣೆಯಲ್ಲಿ ಅದು ಕ್ರೈಂ ನಂಬರ್, ಚಾರ್ಜ್‌ಶೀಟ್ ಆದ ಮೇಲೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಸಿ.ಸಿ. ನಂಬರ್, ಸೆಷನ್ಸ್‌ಗೆ ಹೋದರೆ ಎಸ್.ಸಿ. ನಂಬರ್. ನೃಪತುಂಗ ರಸ್ತೆಯಲ್ಲಿದ್ದ ಕೇಸು ಸಿಟಿ ಸಿವಿಲ್ ಕೋರ್ಟಿಗೋ ಮೇಯೋ ಹಾಲ್‌ಗೋ ಹೋಗಿರುತ್ತದೆ, ನೀವು ಹಳೆಯ ಕೋರ್ಟ್ ಹಾಲ್ ಹೊರಗೆ ಹೆಸರು ಕೂಗುವುದನ್ನು ಕಾಯುತ್ತಿರುತ್ತೀರಿ. ಪ್ರತಿ ಕೇಸಿಗೂ ಕೋರ್ಟ್ ಕೊಡುವ 16 ಅಕ್ಷರಗಳ ಸಿಎನ್‌ಆರ್ ನಂಬರ್ ಹಾಕಿ ಇ-ಕೋರ್ಟ್ಸ್‌ನಲ್ಲಿ ಹಿಂದಿನ ಸಂಜೆ ನೋಡಿ. ಕೇಸು ಕೋರ್ಟ್ ಬದಲಿಸಿದಾಗ ಹೊಸ ಸಿಎನ್‌ಆರ್ ಬಂದಿದೆಯೇ ಎಂದು ವಕೀಲರನ್ನು ಕೇಳಿ.

ಜ್ವರ ಬಂದು ಏಳಲಾಗದಿದ್ದರೆ ವಿನಾಯಿತಿ ಅರ್ಜಿ ಇದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಕಲಂ 317, 2024ರ ಜುಲೈ 1ರಿಂದ ಅದರ ಬದಲು ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ (ಬಿಎನ್‌ಎಸ್‌ಎಸ್) 355. ಕೋರ್ಟ್ ಕೂರುವ ಮೊದಲು ವಕೀಲರಿಗೆ ತಿಳಿಸಿ, ವೈದ್ಯರ ಚೀಟಿ ಕಳಿಸಿ. ಅರ್ಜಿ ಹಾಕಿದರೆ ಸಾಲದು, ಮಂಜೂರಾಯಿತೇ ಎಂದು ಅದೇ ಮಧ್ಯಾಹ್ನ ವಿಚಾರಿಸಿ. ತಿರಸ್ಕೃತವಾಗಿ ವಾರಂಟ್ ಆಗಿದ್ದರೆ ಪೊಲೀಸರು ಮನೆಗೆ ಬರುವವರೆಗೆ ಕಾಯದೆ, ವಕೀಲರ ಜೊತೆ ತಾವಾಗಿ ಹಾಜರಾಗಿ ವಾರಂಟ್ ಹಿಂಪಡೆಯಿರಿ ಎಂಬ ರೀಕಾಲ್ ಅರ್ಜಿ ಕೊಡಿ. ತಾವಾಗಿ ಬಂದವರನ್ನು ಕೋರ್ಟ್ ನೋಡುವ ರೀತಿಯೇ ಬೇರೆ. ರೀಕಾಲ್ ಆದ ಮೇಲೂ ಒಂದು ಕೆಲಸ ಉಳಿಯುತ್ತದೆ: ಆ ಆದೇಶದ ನಕಲನ್ನು ನೀವೇ ಠಾಣೆಗೆ ಒಯ್ದು ಸ್ವೀಕೃತಿ ತರಬೇಕು. ಇಲ್ಲದಿದ್ದರೆ ಹಳೆಯ ವಾರಂಟ್ ಠಾಣೆಯ ಕಡತದಲ್ಲಿ ಹಾಗೇ ಉಳಿದು, ಯಾವುದೋ ಶುಕ್ರವಾರ ರಾತ್ರಿ ಬಾಗಿಲು ತಟ್ಟುತ್ತಾರೆ. ಬೇಲ್ ಮೇಲಿರುವವರು ಸಕಾರಣವಿಲ್ಲದೆ ಗೈರಾಗುವುದು ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) ಕಲಂ 269ರ ಪ್ರಕಾರ ಬೇರೆಯದೇ ಅಪರಾಧ, ಒಂದು ವರ್ಷದವರೆಗೆ ಶಿಕ್ಷೆ ಇದೆ.

ಜಾಮೀನುದಾರರನ್ನು ಆರಿಸುವಾಗ ಅವಸರ ಬೇಡ. ಪಹಣಿ ತೀರಿಕೊಂಡ ಅಜ್ಜನ ಹೆಸರಿನಲ್ಲೇ ಇದ್ದರೆ ಮೊಮ್ಮಗ ಶ್ಯೂರಿಟಿಗೆ ನಿಲ್ಲಲಾಗದು, ಮೊದಲು ವಾರಸುದಾರರ ಹೆಸರಿಗೆ ಪೌತಿ ಖಾತೆ ಆಗಬೇಕು. ಪಹಣಿಯಲ್ಲಿ ಮಂಜುನಾಥ ಬಿನ್ ರಾಮಣ್ಣ, ಆಧಾರ್‌ನಲ್ಲಿ ಮಂಜುನಾಥ ಎಚ್.ಆರ್. ಎಂದಿದ್ದರೆ ಇಬ್ಬರೂ ಒಬ್ಬರೇ ಎಂಬ ಅಫಿಡವಿಟ್ ಸಿದ್ಧವಿರಲಿ. ಋಣಗಳ ಕಾಲಂನಲ್ಲಿ ಬ್ಯಾಂಕಿನ ಬೆಳೆಸಾಲ ಇದೆಯೇ ನೋಡಿಕೊಳ್ಳಿ. ಇದುವರೆಗೆ ಎಷ್ಟು ಜನರಿಗೆ ಶ್ಯೂರಿಟಿ ನಿಂತಿದ್ದೇನೆ ಎಂದು ಬಿಎನ್‌ಎಸ್‌ಎಸ್ ಕಲಂ 486ರಂತೆ ಅವರು ಘೋಷಿಸಬೇಕು, ಅದರಲ್ಲಿ ಸುಳ್ಳು ಬೇಡವೇ ಬೇಡ. ಕೋರ್ಟಿನ ಹೊರಗೆ ದುಡ್ಡಿಗೆ ಸಿಗುವ ಶ್ಯೂರಿಟಿಯನ್ನು ಮುಟ್ಟಬೇಡಿ. ದಾಖಲೆ ನಕಲಿ ಎಂದಾದರೆ ಹೊಸ ಕೇಸಿಗೆ ನೀವೇ ಆರೋಪಿ. ಯಾರೂ ಸಿಗದಿದ್ದರೆ ಶ್ಯೂರಿಟಿ ಬದಲು ಕೋರ್ಟಿನಲ್ಲಿ ಹಣ ಕಟ್ಟುವ ನಗದು ಭದ್ರತೆಗೆ, ಅಥವಾ ಮೊತ್ತ ಇಳಿಸಲು ಕೇಳಬಹುದು. ಬೇಲ್ ಸಿಕ್ಕಿ ಒಂದು ತಿಂಗಳಾದರೂ ಬಾಂಡ್ ಕೊಡಲಾಗದವರ ಷರತ್ತನ್ನು ಕೋರ್ಟ್ ತಾನಾಗಿ ಪರಿಶೀಲಿಸಬಹುದು ಎಂದು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿದೆ. ವಕೀಲರಿಗೆ ಕೊಡಲು ಹಣವಿಲ್ಲದವರು 15100ಕ್ಕೆ ಕರೆ ಮಾಡಿ ಉಚಿತ ಕಾನೂನು ನೆರವು ಕೇಳಿ. ಜಾಮೀನುದಾರರು ತೀರಿಕೊಂಡರೆ ತಕ್ಷಣ ಮರಣಪತ್ರದೊಂದಿಗೆ ಕೋರ್ಟಿಗೆ ತಿಳಿಸಿ ಇನ್ನೊಬ್ಬರನ್ನು ಕೊಡಿ.

ಪಾಸ್‌ಪೋರ್ಟ್ ಒಪ್ಪಿಸಿದಾಗ ನಂಬರ್ ಸಮೇತ ಸ್ವೀಕೃತಿ ತೆಗೆದುಕೊಳ್ಳಿ. ನವೀಕರಣದ ಅರ್ಜಿಯಲ್ಲಿ ಬಾಕಿ ಇರುವ ಕ್ರಿಮಿನಲ್ ಕೇಸಿನ ಪ್ರಶ್ನೆ ಬರುತ್ತದೆ. ಏಜೆಂಟ್ ಹೇಳಿದನೆಂದು ‘ಇಲ್ಲ’ ಎಂದು ಒತ್ತಿದರೆ ಮಾಹಿತಿ ಮುಚ್ಚಿಟ್ಟ ಅಪರಾಧ. ಕೋರ್ಟಿನ ಅನುಮತಿ ತಂದರೆ 1993ರ ಅಧಿಸೂಚನೆಯಂತೆ ಪಾಸ್‌ಪೋರ್ಟ್ ಸಿಗುತ್ತದೆ. ಆದರೆ ಎಷ್ಟು ವರ್ಷಕ್ಕೆ ಎಂದು ಆದೇಶದಲ್ಲಿ ಬರೆದಿರದಿದ್ದರೆ ಸಿಗುವುದು ಒಂದೇ ವರ್ಷಕ್ಕೆ, ಹಾಗಾಗಿ ಅರ್ಜಿಯಲ್ಲೇ ಅವಧಿ ಕೇಳಿ. ದೇಶ ಬಿಡದಂತೆ ತಡೆಯಲು ಹೊರಡಿಸುವ ಲುಕ್‌ಔಟ್ ಸರ್ಕ್ಯುಲರ್ ಇದ್ದರೆ ಅದು ಬೇರೆ ವಿಷಯ. ಕೋರ್ಟ್ ಹೋಗಲು ಬಿಟ್ಟರೂ, ಅದನ್ನು ಹೊರಡಿಸಿದ ಸಂಸ್ಥೆ ವಲಸೆ ವಿಭಾಗಕ್ಕೆ ತಿಳಿಸದಿದ್ದರೆ ವಿಮಾನ ನಿಲ್ದಾಣದಲ್ಲಿ ತಡೆಯುತ್ತಾರೆ.

ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ) ಮತ್ತು ಇತರ ಲೈಂಗಿಕ ಅಪರಾಧದ ಕೇಸುಗಳಲ್ಲಿ ಎಚ್ಚರ ಎರಡು ಪಟ್ಟು ಬೇಕು, ಏಕೆಂದರೆ ಅಲ್ಲಿ ಷರತ್ತು ಕಾಯುವುದು ಇನ್ನೊಂದು ಜೀವದ ನೆಮ್ಮದಿಯನ್ನು. ಆರೋಪಿ ಮತ್ತು ಸಂತ್ರಸ್ತರ ನಡುವೆ ಸಂಪರ್ಕಕ್ಕೆ ಎಡೆಕೊಡುವ ಬೇಲ್ ಷರತ್ತೇ ಇರಬಾರದು ಎಂದು ಸುಪ್ರೀಂ ಕೋರ್ಟ್ 2021ರ ಮಾರ್ಚ್‌ನಲ್ಲಿ ಅಪರ್ಣಾ ಭಟ್ ಪ್ರಕರಣದಲ್ಲಿ ಹೇಳಿದೆ. ಅತ್ತಿಗೆಯ ಮೂಲಕ ಹೇಳಿಕಳಿಸಿದ ‘ರಾಜಿ’ ಮಾತೂ ಸಂಪರ್ಕವೇ. ದೂರುದಾರರ ಮನೆಯವರೂ ಇರುವ ಅಪಾರ್ಟ್‌ಮೆಂಟ್ ಗುಂಪು, ಆಫೀಸಿನ ಗುಂಪು ಬಿಟ್ಟು ಹೊರಬನ್ನಿ. ಒಂದೇ ಶಾಲೆಗೆ ಮಕ್ಕಳು ಹೋಗುತ್ತಿದ್ದರೆ ವಾರ್ಷಿಕೋತ್ಸವಕ್ಕೆ ಹೋಗಬಹುದೇ ಎಂದು ನೀವೇ ತೀರ್ಮಾನಿಸದೆ ಕೋರ್ಟಿನಿಂದ ಸ್ಪಷ್ಟನೆ ಪಡೆಯಿರಿ. ಎಫ್‌ಐಆರ್ ಪ್ರತಿಯನ್ನು ‘ನೋಡಿ, ಎಲ್ಲ ಸುಳ್ಳು’ ಎಂದು ನೆಂಟರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು ಬಹಳ ಅಪಾಯ. ಸಂತ್ರಸ್ತರ ಗುರುತು ಬಯಲು ಮಾಡಿದ್ದಕ್ಕೆ ಬಿಎನ್‌ಎಸ್ ಕಲಂ 72ರ ಅಡಿ ಎರಡು ವರ್ಷದವರೆಗೆ ಶಿಕ್ಷೆ ಇದೆ. ಅಮೆರಿಕದಲ್ಲಿ ಲೈಂಗಿಕ ಅಪರಾಧಕ್ಕೆ ಶಿಕ್ಷೆಯಾದವರು ತಾವೇ ಹೋಗಿ ವಿಳಾಸ ನೋಂದಾಯಿಸುತ್ತಿರಬೇಕಾದ ನಿಯಮ ಇದೆ, ನಮ್ಮಲ್ಲಿ ಹಾಗಿಲ್ಲ. 2018ರ ಸೆಪ್ಟೆಂಬರ್‌ನಲ್ಲಿ ಶುರುವಾದ, ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶವನ್ನು ನೋಡಲು ಅವಕಾಶವಿರುವುದು ತನಿಖಾ ಸಂಸ್ಥೆಗಳಿಗೆ ಮಾತ್ರ. ಆ ಪಟ್ಟಿಯಿಂದ ಹೆಸರು ತೆಗೆಸಿಕೊಡುತ್ತೇನೆ ಎಂದು ದುಡ್ಡು ಕೇಳುವವರಿಗೆ ಒಂದು ರೂಪಾಯಿಯೂ ಕೊಡಬೇಡಿ.

ಖುಲಾಸೆಯಾದ ದಿನ ಫೈಲು ಹರಿದು ಎಸೆಯುವವರಿದ್ದಾರೆ. ಮೇಲ್ಮನವಿ ಆದರೆ ಹಾಜರಾಗುತ್ತೇನೆ ಎಂದು ಬಿಎನ್‌ಎಸ್‌ಎಸ್ ಕಲಂ 481ರಂತೆ ಬರೆದುಕೊಟ್ಟ ಬಾಂಡ್ ಆರು ತಿಂಗಳು ಜಾರಿಯಲ್ಲಿರುತ್ತದೆ, ಆ ಅವಧಿಯಲ್ಲಿ ಮನೆ ಬದಲಿಸಿದರೂ ತಿಳಿಸಬೇಕು. ಅದು ಕಳೆದ ಮೇಲೆ ಮೂಲ ರಸೀದಿ, ತೀರ್ಪಿನ ದೃಢೀಕೃತ ನಕಲು, ಬ್ಯಾಂಕ್ ಪಾಸ್‌ಬುಕ್ ಪ್ರತಿ ಸೇರಿಸಿ ನಗದು ಭದ್ರತೆ ವಾಪಸಿಗೂ, ಸ್ವೀಕೃತಿ ತೋರಿಸಿ ಪಾಸ್‌ಪೋರ್ಟಿಗೂ ಅರ್ಜಿ ಹಾಕಿ.